ಮಗಳ ಕಾಲುನೋವು, ರಂಗಪ್ರವೇಶ, 12ನೇ ಕ್ಲಾಸು: ಯಾವುದನ್ನ ಬಿಡೋದು?

ಪ್ರಶ್ನೆ: ಅಕ್ಕಾ ನಮಸ್ಕಾರ. ನಾವು ಡೊಂಬಿವಲಿಯಲ್ಲಿರೋದು, ಊರು ಕುಂದಾಪುರದ ಹತ್ರ. ಮಗಳಿಗೆ 17 ವರ್ಷ, 12ನೇ ಸೈನ್ಸು. 8 ವರ್ಷದವಳಿದ್ದಾಗಿಂದ ಭರತನಾಟ್ಯ ಕಲೀತಿದ್ದಾಳೆ. ದೀಪಾವಳಿ ರಜೆಯಲ್ಲಿ ರಂಗಪ್ರವೇಶ ಇಟ್ಕೊಳ್ಳೋಣ ಅಂತ ಟೀಚರು ಹೇಳಿದ್ಮೇಲೆ ಪ್ರಾಕ್ಟೀಸು ಡಬಲ್ ಆಗಿದೆ. ಒಂದೂವರೆ ತಿಂಗಳಿಂದ ಕಣಕಾಲಿನ ಮೂಳೆ ನೋವು, ಈಗೀಗ ಮಂಡಿನೂ ನೋಯತ್ತೆ ಅಂತಾಳೆ. ಶುರುವಾದ ವಾರದಲ್ಲೇ ಎಕ್ಸ್‌ರೇ ತೆಗ್ಸಿದ್ವಿ, ಏನೂ ಇಲ್ಲ ಅಂದ್ರು. ನಮ್ಮವರು ಡಾನ್ಸ್ ನಿಲ್ಸಿ ಓದ್ಲಿ ಅಂತಾರೆ, ಇವಳು ಅಳ್ತಾಳೆ. ಬಯೋಮೆಡಿಕಲ್ ಇಂಜಿನಿಯರಿಂಗ್ ಮಾಡ್ತೀನಿ, ಡಾನ್ಸೂ ಬಿಡಲ್ಲ ಅಂತ ಹಟ. ನೀವು ಎರಡೂ ಮಾಡಿದವರು. ಡಾನ್ಸ್ ಬಿಡಿಸ್ಲಾ? ಆ ಕೋರ್ಸಿಗೆ ಮುಂದೆ ಏನಾದ್ರೂ ಇದ್ಯಾ?

ಉತ್ತರ:

ಕೋರ್ಸಿನ ವಿಷಯ ಆಮೇಲೆ ಮಾತಾಡೋಣ, ಮೊದ್ಲು ಕಾಲು. ನಿಮ್ಮ ಪ್ರಶ್ನೆ ಓದ್ತಾ ನಂಗೆ ಎದೆ ಧಸಕ್ ಅಂದಿದ್ದು ಎರಡು ಮಾತಿಗೆ, ಪ್ರಾಕ್ಟೀಸು ಡಬಲ್ ಆಗಿದೆ ಅಂದಿದ್ದು, ಎಕ್ಸ್‌ರೇಲಿ ಏನೂ ಇಲ್ಲ ಅಂದಿದ್ದು. ಇವೆರಡೂ ಒಟ್ಟಿಗೆ ಬಂದ್ರೆ ಸುಮ್ನೆ ಕೂರೋ ಹಾಗಿಲ್ಲ.

ನಂದೂ ಇದೇ ವಯಸ್ಸು, ಇದೇ ಕತೆ. ಮನೆ ಮುಲುಂಡಲ್ಲಿ, ಕ್ಲಾಸು ಮಾಟುಂಗಾದಲ್ಲಿ, ಕಾಲೇಜು ಮುಗ್ಸಿ ಲೋಕಲ್ಲಲ್ಲಿ ನಿಂತ್ಕೊಂಡೇ ಹೋಗಿ ಎರಡು ಗಂಟೆ ವರ್ಣ ಅನ್ನೋ ಉದ್ದದ ನೃತ್ಯದ ಅಭ್ಯಾಸ, ವಾಪಸ್ ಬಂದು ಟ್ಯೂಶನ್ ನೋಟ್ಸು. ಬಲಗಾಲಲ್ಲಿ ಮಂಡಿಯಿಂದ ಒಂದು ಗೇಣು ಕೆಳಗೆ ಒಂದು ಜಾಗ ನೋಯ್ತಿತ್ತು. ತೋರಿಸಿದ ಕಡೆ ಎಕ್ಸ್‌ರೇ ಸರಿಯಾಗಿದೆ, ಪರೀಕ್ಷೆ ಟೆನ್ಷನ್ನು ಅಂದ್ಬಿಟ್ರು. ನಾನೂ ನಂಬಿದೆ, ನಂಬೋದೇ ನಂಗೆ ಬೇಕಾಗಿತ್ತು, ಹಾಲ್‌ಗೆ ಅಡ್ವಾನ್ಸ್ ಕೊಟ್ಟಾಗಿತ್ತು, ಅಜ್ಜಿ ಊರಿಂದ ಬರೋಕೆ ಟಿಕೆಟ್ ಆಗಿತ್ತು. ಅಮ್ಮಂಗೆ ಕಾಣದ ಹಾಗೆ ಬಾತ್‌ರೂಮಲ್ಲಿ ನೋವಿನ ಸ್ಪ್ರೇ ಹೊಡ್ಕೊಂಡು, ಅದರ ವಾಸನೆ ಹೋಗ್ಲಿ ಅಂತ ಮೇಲೆ ಪೌಡರ್ ಹಾಕ್ಕೊಂಡು ಕ್ಲಾಸಿಗೆ ಹೋಗ್ತಿದ್ದೆ. ರಂಗಪ್ರವೇಶ ಆಯ್ತು, ಕೊನೆಯ ನೃತ್ಯ ತಿಲ್ಲಾನದವರೆಗೂ ಕುಣಿದೆ, ಮಾರನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ರೆ ಊರೋಕೇ ಆಗ್ಲಿಲ್ಲ. ಎರಡನೇ ಸಲ ತೆಗೆದ ಎಕ್ಸ್‌ರೇಲಿ ಮೂಳೆ ಮೇಲೆ ಕೂದಲೆಳೆಯಷ್ಟು ಗೆರೆ, ಅದರ ಪಕ್ಕದಲ್ಲಿ ಮೂಳೆ ತನ್ನನ್ನ ತಾನೇ ಬೆಸೆಯೋಕೆ ಹೊರಟಿದ್ದ ಬಿಳಿ ಉಬ್ಬು. ಎರಡೂವರೆ ತಿಂಗಳು ಗೆಜ್ಜೆ ಮುಟ್ಟಿಲ್ಲ. ಆ ಎರಡು ಫಿಲ್ಮೂ ಇವತ್ತಿಗೂ ನನ್ನ ಕಪಾಟಲ್ಲಿವೆ, ಕೆಲಸಕ್ಕೆ ಹೊಸದಾಗಿ ಸೇರೋ ಹುಡುಗರಿಗೆ ಅಕ್ಕಪಕ್ಕ ಇಟ್ಟು ತೋರಿಸ್ತೀನಿ.

ಅದಕ್ಕೇ ಇವತ್ತು ರಾತ್ರಿನೇ ಒಂದು ಕೆಲಸ ಮಾಡಿ. ಮಗಳನ್ನ ಕೂರ್ಸಿ, ಎಲ್ಲಿ ನೋವು ತೋರಿಸು ಅನ್ನಿ, ನೀವು ಏನೂ ಹೇಳ್ಕೊಡ್ಬೇಡಿ, ಅವಳು ಹೇಗೆ ತೋರಿಸ್ತಾಳೆ ಅಷ್ಟೇ ನೋಡಿ. ಅಂಗೈ ಇಟ್ಟು ಮೂಳೆಯ ಒಳಬದಿ ಉದ್ದಕ್ಕೆ ಸವರಿ ಇಲ್ಲೆಲ್ಲಾ ಅಂದ್ರೆ, ಅಂದ್ರೆ ನಾಲ್ಕೈದು ಬೆರಳಗಲಕ್ಕಿಂತ ಜಾಸ್ತಿ ಜಾಗ, ಅದು ಹೆಚ್ಚಾಗಿ ಶಿನ್ ಸ್ಪ್ಲಿಂಟ್ ಅಂತಾರಲ್ಲ ಅದು, ಮೂಳೆಗೆ ಅಂಟಿರೋ ಪದರ ಕೆರಳಿರೋದು, ಹೊರೆ ಇಳಿಸಿದ್ರೆ ಇಳಿಯತ್ತೆ. ಒಂದೇ ಬೆರಳಿಟ್ಟು ಇಲ್ಲೇ ಅಂತ ತೋರಿಸಿದ್ರೆ, ಆ ಜಾಗ ಒತ್ತಿದಾಗ ಕಾಲು ಹಿಂದಕ್ಕೆಳ್ಕೊಂಡ್ರೆ, ರಾತ್ರಿ ಮಲಗಿದಾಗ್ಲೂ ಒಳಗೆ ಮಿಡಿದ ಹಾಗೆ ಆಗತ್ತೆ ಅಂದ್ರೆ, ಅವತ್ತಿಂದಲೇ ತಟ್ಟೋದು ಹಾರೋದು ಬಂದ್. ಮೂಳೆ ಡಾಕ್ಟರ ಹತ್ರ, ಸಿಕ್ಕಿದ್ರೆ ಸ್ಪೋರ್ಟ್ಸ್ ಗಾಯ ನೋಡೋರ ಹತ್ರ ಕರ್ಕೊಂಡು ಹೋಗಿ, ಸ್ಟ್ರೆಸ್ ಫ್ರಾಕ್ಚರ್ (ಮತ್ತೆ ಮತ್ತೆ ಬೀಳೋ ಹೊರೆಗೆ ಮೂಳೆಯಲ್ಲಿ ಆಗೋ ಸಣ್ಣ ಬಿರುಕು) ಇರಬಹುದಾ, ಎಂಆರ್‌ಐ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಕೇಳೋದಕ್ಕೆ ಸಂಕೋಚ ಬೇಡ. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಲಿ ಕಾಣದೇ ಇರೋದು ತುಂಬಾ ಮಾಮೂಲು, ಯಾಕಂದ್ರೆ ಎಕ್ಸ್‌ರೇ ತೋರಿಸೋದು ಮೂಳೆಯ ಸುಣ್ಣವನ್ನ, ಒಳಗಿನ ಊತವನ್ನ ಅಲ್ಲ. ಎಂಆರ್‌ಐ ಆ ಊತವನ್ನೇ ಹಿಡಿಯತ್ತೆ. ನೀವು ತೆಗ್ಸಿದ್ದು ಮೊದಲ ವಾರದಲ್ಲಿ, ಅದಾಗಿ ಒಂದು ತಿಂಗಳ ಮೇಲಾಯ್ತು, ಹಾಗಾಗಿ ಆ ರಿಪೋರ್ಟನ್ನ ಈಗ ಲೆಕ್ಕಕ್ಕೆ ಹಿಡೀಬೇಡಿ.

ಪ್ರಾಕ್ಟೀಸು ಡಬಲ್ ಆದಾಗಲೇ ಯಾಕೆ ಹೀಗಾಗತ್ತೆ ಅಂದ್ರೆ, ಮೂಳೆ ಅನ್ನೋದು ಕಲ್ಲಲ್ಲ, ಯಾವಾಗಲೂ ರಿಪೇರಿ ನಡೀತಿರೋ ಮನೆ. ಹೊರೆ ಬಿದ್ದ ಕಡೆ ಮೂಳೆ ಗಟ್ಟಿಯಾಗತ್ತೆ ಅಂತ ಬರ್ಲಿನ್‌ನಲ್ಲಿದ್ದ ಯೂಲಿಯಸ್ ವೋಲ್ಫ್ ಅನ್ನೋ ಸರ್ಜನ್ 1892ರಲ್ಲೇ ಬರೆದಿಟ್ಟಿದ್ದಾರೆ, ನಮ್ಮ ಓದಲ್ಲಿ ಮೊದಲ ಪಾಠಗಳಲ್ಲಿ ಅದೂ ಒಂದು. ಆದ್ರೆ ಗಟ್ಟಿಯಾಗೋ ಮೊದ್ಲು ಹಳೇ ಗಾರೆ ಕೆರೆದು ತೆಗೀಬೇಕು. ಕೆರೆಯೋ ಕೆಲಸ ಸುಮಾರು ಮೂರು ವಾರ, ಹೊಸದಾಗಿ ತುಂಬೋ ಕೆಲಸ ಸುಮಾರು ಮೂರು ತಿಂಗಳು. ಕೆರೆದಾಗಿದೆ, ತುಂಬಿಲ್ಲ, ಆ ಹೊತ್ತಲ್ಲಿ ನಾವು ದಿನಾ ಎರಡು ಗಂಟೆ ಇದ್ದಿದ್ದನ್ನ ನಾಲ್ಕು ಮಾಡಿ ಅದೇ ಗೋಡೆ ಮೇಲೆ ಕುಣೀತೀವಿ. ಪ್ರಾಕ್ಟೀಸು ಜಾಸ್ತಿ ಮಾಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ, ಒಂದೇ ಸಲಕ್ಕೆ ಏರಿಸೋದು ತಪ್ಪು. ನಿಮ್ಮ ಮಗಳಿಗೆ ಒಂಬತ್ತು ವರ್ಷದ ಅಭ್ಯಾಸ ಇದೆ, ಅವಳ ಮೂಳೆ ಅಷ್ಟಕ್ಕೆ ಒಗ್ಗಿದೆ, ಹಠಾತ್ತಾಗಿ ಬಂದ ಇನ್ನೆರಡು ಗಂಟೆಗೆ ಇನ್ನೂ ಒಗ್ಗಿಲ್ಲ ಅಷ್ಟೇ.

ಮತ್ತೆ ಎಲ್ಲಿ ಪ್ರಾಕ್ಟೀಸು ಮಾಡ್ತಾಳೆ? ನೀವು ಬರೆದಿಲ್ಲ, ಆದ್ರೆ ಡೊಂಬಿವಲಿ ಫ್ಲಾಟು ಅಂದ್ರೆ ನಂಗೊತ್ತು, ಹಾಲಲ್ಲಿ ಸೋಫಾ ಸರಿಸಿ, ಸ್ಲ್ಯಾಬಿನ ಮೇಲೆ ಹಾಕಿರೋ ಹೊಳೆಯೋ ಟೈಲ್ಸ್ ಮೇಲೆ. ಇದರ ಲೆಕ್ಕ ನಿಮ್ಮ ಮಗಳಿಗೇ ಮಾಡೋಕೆ ಕೊಡಿ, 11ನೇ ಕ್ಲಾಸಿನ ಫಿಸಿಕ್ಸ್ ಸಾಕು. 50 ಕೆಜಿ ತೂಕದ ಹುಡುಗಿ ಕುದಿತ್ತ ಮೆಟ್ಟಡವಲ್ಲಿ, ಅಂದ್ರೆ ಮುಂಗಾಲಲ್ಲಿ ಹಾರಿ ಹಿಮ್ಮಡಿ ತಟ್ಟೋ ಹೆಜ್ಜೆಯಲ್ಲಿ, ಬರೀ 5 ಸೆಂಟಿಮೀಟರ್ ಮೇಲೆ ಹೋಗಿ ಬರ್ತಾಳೆ ಅಂತಿಟ್ಕೊಳ್ಳಿ. ನೆಲ ಮುಟ್ಟೋ ಹೊತ್ತಿಗೆ ವೇಗ ಸೆಕೆಂಡಿಗೆ ಸುಮಾರು 1 ಮೀಟರ್. ಅದು ಸೊನ್ನೆಗೆ ಇಳಿಯೋಕೆ ಸೆಕೆಂಡಿನ 20ರಲ್ಲಿ ಒಂದು ಪಾಲು ಸಮಯ ಸಿಕ್ಕಿದ್ರೆ, ನೆಲ ಅವಳನ್ನ ಸರಾಸರಿ ಹತ್ತತ್ರ 1,500 ನ್ಯೂಟನ್ ಬಲದಲ್ಲಿ ತಿರುಗಿ ತಳ್ಳತ್ತೆ, ಅವಳ ತೂಕದ ಮೂರು ಪಟ್ಟು. ಅದೇ 10ರಲ್ಲಿ ಒಂದು ಪಾಲು ಸಮಯ ಸಿಕ್ಕಿದ್ರೆ 1,000 ನ್ಯೂಟನ್, ಎರಡೇ ಪಟ್ಟು. ಹುಡುಗಿ ಅದೇ, ಅಡವು ಅದೇ, ಎತ್ತರ ಅದೇ. ಆ ಚೂರು ಸಮಯ ಎಲ್ಲಿಂದ ಬರತ್ತೆ? ಸ್ವಲ್ಪ ಮಂಡಿ ಮತ್ತೆ ಹರಡು ಮಡಿಚೋದ್ರಿಂದ, ಸ್ವಲ್ಪ ನೆಲ ತಗ್ಗೋದ್ರಿಂದ. ಕಾಂಕ್ರೀಟು ತಗ್ಗಲ್ಲ, ಹಾಗಾಗಿ ಅದರ ಪಾಲಿನದ್ದನ್ನೂ ಕಾಲೇ ಕೊಡ್ಬೇಕು. ಇನ್ನು ತಟ್ಟಡವು, ಅಂಗಾಲು ನೆಲಕ್ಕೆ ತಟ್ಟೋ ಹೆಜ್ಜೆ, ಅದನ್ನ ಮೂರನೇ ಕಾಲದಲ್ಲಿ, ಅಂದ್ರೆ ಅತಿ ವೇಗದ ಲಯದಲ್ಲಿ ಮಾಡಿದ್ರೆ, ಸೆಕೆಂಡಿಗೆ ಎರಡೇ ತಟ್ಟು ಅಂತ ಹಿಡಿದ್ರೂ ಹತ್ತು ನಿಮಿಷಕ್ಕೆ 1,200. ಹಿಂದಿನವರು ಗುಡಿಯ ಕಲ್ಲಿನ ಮೇಲೇ ಕುಣೀತಿದ್ರಲ್ಲ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಹೌದು ಕುಣೀತಿದ್ರು, ಅವರಲ್ಲಿ ಎಷ್ಟು ಜನ ಮಂಡಿ ಹಿಡ್ಕೊಂಡು ಬದುಕಿದ್ರು ಅಂತ ಯಾರೂ ಬರೆದಿಟ್ಟಿಲ್ಲ.

ಈಗ ನಂಗೆ ತುಂಬಾ ಮುಖ್ಯ ಅನ್ಸೋ ವಿಷಯ. ನನ್ನ ಗುರುಗಳು ಧಾರವಾಡದ ಕಡೆಯವರು, ಜೋರಾಗಿ ಕಾಲು ಹಾಕಿದ್ರೆ ತಟ್ಟುಕಳಿ (ತಾಳ ಹಾಕೋ ಮರದ ಕೋಲು) ನಿಲ್ಸಿ "ಯವ್ವಾ, ಇದರ ಹೆಸರು ತಟ್ಟಡವು, ಹೊಡೆಯಡವು ಅಲ್ಲ. ರೊಟ್ಟಿ ಹೆಂಗ ತಟ್ತೀವಿ ಹಂಗ ತಟ್ಟು" ಅಂತಿದ್ರು. ರೊಟ್ಟಿ ತಟ್ಟೋರನ್ನ ನೋಡಿದ್ದೀರಲ್ವಾ, ಸಪ್ಪಳ ಪಕ್ಕದ ಮನೆಗೆ ಕೇಳತ್ತೆ, ಆದ್ರೆ ರೊಟ್ಟಿ ಹರಿಯಲ್ಲ. ಅಂಗೈ ಚಪ್ಪಟೆಯಾಗಿ ಒಂದೇ ಸಲಕ್ಕೆ ಬೀಳತ್ತೆ, ಭುಜದ ಭಾರ ಅದರ ಹಿಂದೆ ಬರಲ್ಲ. ಆ ಮಾತು ನಂಗೆ ಹತ್ತು ವರ್ಷ ಆದ್ಮೇಲೆ, ಮಾಸ್ಟರ್ಸ್ ಓದುವಾಗ ಲ್ಯಾಬಲ್ಲಿ ಅರ್ಥ ಆಯ್ತು. ಫೋರ್ಸ್ ಪ್ಲೇಟ್ ಅಂತ ಇರತ್ತೆ, ನೆಲದ ಮಟ್ಟಕ್ಕೆ ಕೂರಿಸಿರೋ ಲೋಹದ ಹಲಗೆ, ಅದರ ಮೇಲೆ ನಿಂತ್ರೆ ಕಾಲು ನೆಲನ ಎಷ್ಟು ಒತ್ತತ್ತೆ, ಯಾವ ಕಡೆಗೆ ಒತ್ತತ್ತೆ ಅಂತ ಸೆಕೆಂಡಿಗೆ ಸಾವಿರ ಸಲ ಅಳೀಬಹುದು. ಗುರುಗಳನ್ನ ಕಾಡಿ ಬೇಡಿ ಕರ್ಕೊಂಡು ಹೋಗಿ ಅದರ ಮೇಲೆ ತಟ್ಟಡವು ಮಾಡಿಸಿದೆ, ಅವರಾದ್ಮೇಲೆ ನಾನು ಮಾಡಿದೆ. ಅವರ ತಟ್ಟಿನ ಸದ್ದು ಕಾರಿಡಾರಿನವರೆಗೂ ಹೋಯ್ತು, ಸ್ಕ್ರೀನಲ್ಲಿ ಗೆರೆ ಮಾತ್ರ ಸಣ್ಣ ಗುಡ್ಡ. ನಂದು ಸದ್ದು ಮಂಕು, ಗೆರೆ ಸೂಜಿ ಹಾಗೆ ಮೇಲಕ್ಕೆ. ಅವರು ಬರೀ ಮಂಡಿಯಿಂದ ಕೆಳಗಿನ ಕಾಲನ್ನ ಬೀಳಿಸ್ತಿದ್ರು, ಅಂಗಾಲು ಪೂರ್ತಿ ಒಟ್ಟಿಗೆ ನೆಲಕ್ಕೆ ಕೂರ್ತಿತ್ತು, ಅರೆಮಂಡಿ, ಅಂದ್ರೆ ಮಂಡಿ ಹೊರಕ್ಕೆ ಮಡಚಿ ಅರ್ಧ ಕೂತ ಭಂಗಿ, ಒಂಚೂರೂ ಅಲುಗ್ತಿರಲಿಲ್ಲ. ನಾನು ಪ್ರತಿ ತಟ್ಟಿಗೂ ಸೊಂಟ ಏರಿಸಿ ಇಳಿಸಿ, ಮೈ ಭಾರ ಪೂರ್ತಿ ಹಿಮ್ಮಡಿ ಮೇಲೆ ಹಾಕ್ತಿದ್ದೆ. ಗುರುಗಳು ಸ್ಕ್ರೀನ್ ನೋಡಿ "ಇದನ್ನ ನಾ ಬಾಯಾಗ ಹೇಳಿದಾಗ ಯಾಕ ತಿಳೀಲಿಲ್ಲ" ಅಂದ್ರು, ನಂಗೆ ಉತ್ತರ ಇರಲಿಲ್ಲ.

(ಅವತ್ತು ಇನ್ನೊಂದು ಕಲಿತೆ. ಮೋಷನ್ ಕ್ಯಾಪ್ಚರ್ ಕ್ಯಾಮೆರಾಗೆ ಮೈಮೇಲೆ ಅಂಟಿಸಿದ ಹೊಳೆಯೋ ಗುಂಡುಗಳು ಕಾಣ್ಬೇಕು, ಗೆಜ್ಜೆ ಕಟ್ಟಿದ್ರೆ ಪ್ರತಿ ಗೆಜ್ಜೆನೂ ಗುಂಡಿನ ಹಾಗೇ ಹೊಳೆದು ಕಂಪ್ಯೂಟರಿಗೆ ಯಾವ್ದು ಕಾಲು ಯಾವ್ದು ಗೆಜ್ಜೆ ತಿಳಿಯಲ್ಲ. ಸ್ನಾಯುವಿನ ಕರೆಂಟ್ ಅಳೆಯೋ ಪ್ಯಾಚುಗಳು ಜೂನ್ ತಿಂಗಳ ಮುಂಬಯಿ ಬೆವರಿಗೆ ಕಿತ್ತು ಬರ್ತಾವೆ. ಪಾಶ್ಚಾತ್ಯ ಬ್ಯಾಲೆ ಮೇಲೆ ಇಷ್ಟೊಂದು ಅಧ್ಯಯನ ಇದ್ದು ನಮ್ಮ ಅಡವುಗಳ ಮೇಲೆ ಕಡಿಮೆ ಇರೋದು ನಂಗೆ ಯಾವಾಗಲೂ ಸಂಕಟ ಕೊಡೋ ವಿಷಯ. ನಿಮ್ಮ ಮಗಳಂಥವರು ಬರ್ಬೇಕು ಈ ಕೆಲಸಕ್ಕೆ, ನಿಜವಾಗ್ಲೂ.)

ಮಂಡಿ ನೋವಿಗೆ ಬೇರೆ ಕಾರಣ. ಅರೆಮಂಡಿಯಲ್ಲಿ ಪಾದ ಎರಡೂ ಅಕ್ಕಪಕ್ಕಕ್ಕೆ ತಿರುಗಿರ್ಬೇಕಲ್ವಾ, ಆ ತಿರುವು ಬರಬೇಕಾದ್ದು ಸೊಂಟದ ಕೀಲಿಂದ. ಸಾಮಾನ್ಯವಾಗಿ ಒಂದೊಂದು ಸೊಂಟ ಹೊರಕ್ಕೆ ತಿರುಗೋದು 40ರಿಂದ 50 ಡಿಗ್ರಿ, ಎರಡೂ ಸೇರಿ 90ರ ಆಸುಪಾಸು. ಕನ್ನಡಿ ನೋಡಿ ಪಾದ 180 ಡಿಗ್ರಿಗೆ ತಿರುಗಿಸಿದ್ರೆ ಮಿಕ್ಕಿದ್ದು ಎಲ್ಲಿಂದ ಬರ್ಬೇಕು, ಮಂಡಿ ತಿರುಚಿ, ಪಾದದ ಕಮಾನು ಕುಸಿದು. ಮಂಡಿ ಬಾಗಿಲಿನ ಕೀಲಿನ ಹಾಗೆ, ಹಿಂದೆ ಮುಂದೆ ಆಡೋಕೆ ಇರೋದು, ತಿರುಪಿದ್ರೆ ಮಂಡಿಚಿಪ್ಪು ಓರೆಯಾಗಿ ತಿಕ್ಕತ್ತೆ. ಸ್ಟೇಷನ್ನಿನ ಬ್ರಿಜ್ ಹತ್ತೋವಾಗಿಂತ ಇಳಿಯೋವಾಗ ಜಾಸ್ತಿ ನೋವಾ, ಟ್ಯೂಶನ್ನಲ್ಲಿ ತುಂಬಾ ಹೊತ್ತು ಮಂಡಿ ಮಡಚಿ ಕೂತು ಎದ್ದಾಗ ಹಿಡಿಯತ್ತಾ ಅಂತ ಕೇಳಿ. ಹೌದು ಅಂದ್ರೆ ಹೆಚ್ಚಾಗಿ ಮಂಡಿಚಿಪ್ಪಿನ ತಕರಾರು ಅನ್ನಿ.

ಮನೆಯಲ್ಲೇ ನೋಡಬಹುದು. ಬೋರಲು ಮಲಗಿಸಿ, ಒಂದು ಮಂಡಿ ನೇರ ಮೇಲಕ್ಕೆ ಮಡಚಿ, ಪಾದವನ್ನ ಇನ್ನೊಂದು ಕಾಲಿನ ಕಡೆಗೆ ತಾನಾಗೇ ಬೀಳೋಕೆ ಬಿಡಿ, ಸೊಂಟ ನೆಲದಿಂದ ಏಳಬಾರ್ದು. ಎಷ್ಟು ಓರೆಯಾಯ್ತೋ ಅಷ್ಟೇ ಅವಳ ಸೊಂಟ ಕೊಡೋ ತಿರುವು, ಮೊಬೈಲಿನ ಮಟ್ಟ ತೋರಿಸೋ ಆ್ಯಪ್ ಕಣಕಾಲಿಗೆ ಹಿಡಿದ್ರೆ ಡಿಗ್ರಿನೇ ಬರತ್ತೆ. ಆಮೇಲೆ ಅಂಗಾಲು ಒದ್ದೆ ಮಾಡಿ ಅರೆಮಂಡಿಯಲ್ಲಿ ನಿಂತು ಪಕ್ಕಕ್ಕೆ ಸರೀಲಿ, ಮುಂಬಯಿ ಟೈಲ್ಸಿಗೆ ಒಂದು ಉಪಯೋಗ ಅಂದ್ರೆ ಹೆಜ್ಜೆ ಚೆನ್ನಾಗಿ ಕಾಣತ್ತೆ. ಪಾದದ ಒಳಬದಿ ಕಮಾನಿನ ಜಾಗನೂ ಪೂರ್ತಿ ಒದ್ದೆಯಾಗಿದ್ರೆ, ಮತ್ತೆ ಸುಮ್ನೆ ನಿಂತಾಗ ಹಾಗಿರದೇ ಇದ್ರೆ, ಅವಳು ತಿರುವನ್ನ ಪಾದದಿಂದ ಕಿತ್ತು ತರ್ತಿದ್ದಾಳೆ ಅಂತ ಅರ್ಥ. ಮಂಡಿಚಿಪ್ಪು ಎರಡನೇ ಬೆರಳಿನ ನೇರಕ್ಕೆ ಇರೋವಷ್ಟೇ ಪಾದ ತಿರುಗಿಸಿದ್ರೆ ಸಾಕು. ಕೆಲವರ ತೊಡೆ ಮೂಳೆಯ ಕುತ್ತಿಗೆಯೇ ಹುಟ್ಟಿಂದ ಮುಂದಕ್ಕೆ ತಿರುಗಿರತ್ತೆ, ಅವರಿಗೆ ಎಷ್ಟು ಸ್ಟ್ರೆಚ್ ಮಾಡಿದ್ರೂ ಹೆಚ್ಚು ತಿರುವು ಬರಲ್ಲ, ಅದು ಸೋಮಾರಿತನ ಅಲ್ಲ, ಅವರನ್ನ ಬೈದು ಕೂರಿಸೋದು ಅನ್ಯಾಯ.

ಊಟದ ವಿಷಯ ಕೇಳಲೇಬೇಕು, ಬೇಜಾರ್ ಮಾಡ್ಕೋಬೇಡಿ. ರಂಗಪ್ರವೇಶಕ್ಕೆ ಫೋಟೋ ಚೆನ್ನಾಗಿ ಬರ್ಲಿ ಅಂತ ಊಟ ಬಿಡ್ತಿದ್ದಾಳಾ? ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗ್ತಿದ್ಯಾ? ಮೂರು ತಿಂಗಳು ನಿಂತಿದ್ರೆ ಅದನ್ನ ಡಾಕ್ಟರಿಗೆ ಹೇಳ್ದೇ ಇರ್ಬೇಡಿ. ಕುಣಿಯೋಕೆ ಬೇಕಾದಷ್ಟು ತಿನ್ನದೇ ಇದ್ರೆ ಮೈ ಮೊದ್ಲು ಹಾರ್ಮೋನಿನ ಖರ್ಚು ಕಡಿತ ಮಾಡತ್ತೆ, ಅದರಿಂದ ಮೂಳೆ ತುಂಬೋ ಕೆಲಸ ನಿಂತ್ಹೋಗತ್ತೆ, ಸ್ಟ್ರೆಸ್ ಫ್ರಾಕ್ಚರ್ ಆಗೋ ಹುಡುಗೀರಲ್ಲಿ ಇದು ದೊಡ್ಡ ಕಾರಣ. ವಿಟಮಿನ್ ಡಿ ಮತ್ತೆ ಹಿಮೋಗ್ಲೋಬಿನ್ ಚೆಕ್ ಮಾಡ್ಸಿ. ನಾನು ಆಗ ಒಂದು ಗ್ಲಾಸು ಮಜ್ಜಿಗೆ ಕುಡಿದು ಸಂಜೆ ಕಳೀತಿದ್ದೆ, ಅದೇ ಶಿಸ್ತು ಅಂದ್ಕೊಂಡಿದ್ದೆ.

ಸ್ಟ್ರೆಸ್ ಫ್ರಾಕ್ಚರ್ ಅಂತ ಗೊತ್ತಾದ್ರೆ ಸಾಮಾನ್ಯವಾಗಿ 6ರಿಂದ 8 ವಾರ ತಟ್ಟು, ಹಾರು ಎರಡೂ ಇಲ್ಲ, ಮೂಳೆಯ ಮುಂದಿನ ಅಂಚಲ್ಲಿ ಬಿರುಕು ಇದ್ರೆ ಇನ್ನೂ ಜಾಸ್ತಿ. ಅಂದ್ರೆ ಡಾನ್ಸ್ ಬಂದ್ ಅಂತಲ್ಲ. ನಮ್ಮ ಮೈಸೂರು ಶೈಲಿ ಹೆಸರು ಮಾಡಿದ್ದೇ ಅಭಿನಯಕ್ಕೆ, ಜಟ್ಟಿ ತಾಯಮ್ಮ, ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ, 1992ರಲ್ಲಿ ಪದ್ಮಭೂಷಣ ಬಂತಲ್ಲ ಅವರೇ. ಒಂದೇ ಸಾಲಿಗೆ ಹತ್ತು ಥರ ಸಂಚಾರಿ (ಭಾವವನ್ನ ಬೇರೆ ಬೇರೆ ರೀತಿ ಬಿಡಿಸಿ ತೋರಿಸೋದು) ಮಾಡೋಕೆ ಕಣ್ಣು, ಕೈ, ಮನಸ್ಸು ಸಾಕು, ಕುರ್ಚಿ ಮೇಲೆ ಕೂತೇ ಮಾಡಬಹುದು. ನಂಗೆ ಆ ಎರಡೂವರೆ ತಿಂಗಳಲ್ಲಿ ಗುರುಗಳು ತಟ್ಟುಕಳಿ ಕೈಗೆ ಕೊಟ್ಟು ಚಿಕ್ಕ ಮಕ್ಕಳಿಗೆ ಜತಿ, ಅಂದ್ರೆ ಹೆಜ್ಜೆಯ ಸೊಲ್ಲು, ಹೇಳೋಕೆ ಕೂರಿಸಿದ್ರು. ನಟುವಾಂಗ, ಅಂದ್ರೆ ತಾಳ ಹಾಕಿ ಜತಿ ಹೇಳಿ ನೃತ್ಯ ನಡೆಸೋದು, ನಾನು ಕಲಿತಿದ್ದೇ ಹಾಗೆ, ಲಯ ಗಟ್ಟಿಯಾಗಿದ್ದೂ ಆಗಲೇ, ಕಾಲು ಆಡ್ತಿದ್ದಾಗ ತಾಳ ಕಾಲಲ್ಲಿ ಇದೆ ಅಂದ್ಕೊಂಡಿದ್ದೆ.

ಟೀಚರ ಹತ್ರ ನೀವೇ ಹೋಗಿ ಮಾತಾಡಿ, ಮಗಳ ಮೇಲೆ ಬಿಡ್ಬೇಡಿ, ಅವಳು ಗುರುಗಳ ಎದುರಿಗೆ ನೋವು ಅಂತ ಹೇಳಲ್ಲ, ನಾನೂ ಹೇಳಿರಲಿಲ್ಲ. ರಂಗಪ್ರವೇಶ ಮುಂದಿನ ವರ್ಷ ಮೇ ಕೊನೆಗೋ ಜೂನಿಗೋ, ಬೋರ್ಡು ಮತ್ತೆ ಸಿಇಟಿ ಎರಡೂ ಮುಗಿದ್ಮೇಲೆ ಇಟ್ಕೊಳ್ಳಿ. ಅಡ್ವಾನ್ಸ್ ಹೋದ್ರೆ ಹೋಗ್ಲಿ. ಇದರಲ್ಲಿ ನಿಮ್ಮ ಯಜಮಾನರ ಮಾತಿಗೂ ಅರ್ಧ ಬೆಲೆ ಸಿಕ್ಕ ಹಾಗಾಗತ್ತೆ, ಓದೋಕೆ ಸಮಯ ಸಿಗತ್ತೆ. ಆದ್ರೆ ಡಾನ್ಸ್ ಪೂರ್ತಿ ನಿಲ್ಲಿಸೋಕೆ ನಾನು ಒಪ್ಪಲ್ಲ. ಕಾಲು ಸರಿಯಾದ್ಮೇಲೆ ವಾರಕ್ಕೆ ಮೂರು ದಿನ, ದಿನಕ್ಕೆ ಮುಕ್ಕಾಲು ಗಂಟೆ ಇರ್ಲಿ. 9 ವರ್ಷ ದಿನಾ ಬೆವರಿದ ಮೈಯನ್ನ ಒಮ್ಮೆಲೇ ಬೆಂಚಿಗೆ ಕಟ್ಟಿಹಾಕಿದ್ರೆ ಓದು ಹತ್ತತ್ತೆ ಅಂತ ಏನಿಲ್ಲ, ಮತ್ತೆ ವರ್ಷ ಬಿಟ್ಟು ಶುರು ಮಾಡಿದಾಗ ಅದೇ ಮೂಳೆಗೆ ಮತ್ತೆ ಅದೇ ಕಾಟ.

ಈಗ ಕೋರ್ಸು. ಬಯೋಮೆಡಿಕಲ್ ಇಂಜಿನಿಯರ್ ಅಂದ್ರೆ ಅರ್ಧ ಡಾಕ್ಟರ್ ಅಂತ ನಮ್ಮೂರ ಮದುವೆಗಳಲ್ಲಿ ತಿಳ್ಕೊಂಡಿರ್ತಾರೆ, ಹಾಗಲ್ಲ. ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ್ರೆ ವೆಂಟಿಲೇಟರ್, ಡಿಫಿಬ್ರಿಲೇಟರ್, ಇನ್ಫ್ಯೂಷನ್ ಪಂಪ್ ಇಂಥವು ಹೇಳಿದಷ್ಟೇ ಕೊಡ್ತಿವೆಯಾ, ರೋಗಿಗೆ ಕರೆಂಟ್ ಸೋರ್ತಿಲ್ವಾ ಅಂತ ನೋಡೋದು, ರಾತ್ರಿ ಐಸಿಯುಯಿಂದ ಫೋನ್ ಬಂದ್ರೆ ಓಡೋದು. ಕಂಪನಿಗೆ ಹೋದ್ರೆ ಉಪಕರಣ ಡಿಸೈನು, ಟೆಸ್ಟಿಂಗು, ಲೈಸೆನ್ಸಿನ ಕಾಗದಪತ್ರ, 2017ರ ಮೆಡಿಕಲ್ ಡಿವೈಸಸ್ ರೂಲ್ಸ್ ಬಂದ್ಮೇಲೆ ಈ ಕಾಗದಪತ್ರದ ಕೆಲಸಕ್ಕೂ ಓದಿದವರು ಬೇಕಾಗ್ತಿದ್ದಾರೆ. ಮೂರನೇದು ನನ್ನ ಥರ, ನಡಿಗೆ ಅಳೆಯೋದು, ಕೃತಕ ಕಾಲು, ಬ್ರೇಸು. ಕಂಪ್ಯೂಟರ್ ಬ್ರಾಂಚಿನಷ್ಟು ಕ್ಯಾಂಪಸ್ ಕೆಲಸ ಇದರಲ್ಲಿ ಇಲ್ಲ, ಶುರುವಿನ ಸಂಬಳವೂ ಅಷ್ಟು ಇರಲ್ಲ, ಇದನ್ನ ಗೊತ್ತಿದ್ದೇ ಬರ್ಬೇಕು. ನಾನಾಗಿದ್ರೆ ಏನ್ ಮಾಡ್ತೀನಿ ಅಂದ್ರೆ, ಸಿಇಟಿಯಲ್ಲಿ ಒಳ್ಳೆ ಕಾಲೇಜಿನ ಮೆಕ್ಯಾನಿಕಲ್ಲೋ ಎಲೆಕ್ಟ್ರಾನಿಕ್ಸೋ ಸಿಕ್ಕಿದ್ರೆ ಅದನ್ನೇ ತಗೊಂಡು ಎಂಟೆಕ್‌ಗೆ ಬಯೋಮೆಡಿಕಲ್ಲಿಗೆ ಬರ್ತೀನಿ. ಎಂಟೆಕ್ ಸೇರೋಕೆ ಬರೆಯೋ ಗೇಟ್ ಪರೀಕ್ಷೆಯಲ್ಲಿ 2020ರಿಂದ ಬಯೋಮೆಡಿಕಲ್ಲಿಗೇ ಬೇರೆ ಪೇಪರ್ ಇದೆ, ಇಲ್ಲೇ ಪವಾಯಿಯ ಐಐಟಿಯಲ್ಲಿ ಎಂಟೆಕ್ ಇದೆ, ಡಾಕ್ಟರು ಇಂಜಿನಿಯರು ಒಟ್ಟಿಗೆ ಕೂತು ಉಪಕರಣ ಮಾಡೋ ಬೆಟಿಕ್ ಅನ್ನೋ ಕೇಂದ್ರನೂ 2014ರಿಂದ ಅಲ್ಲೇ ನಡೀತಿದೆ. ಅವಳಿಗೆ ರೋಗಿಯನ್ನ ಕೈಯಿಂದ ಮುಟ್ಟಿ ವಾಸಿ ಮಾಡೋ ಆಸೆ ಇದ್ರೆ ಅದು ಫಿಸಿಯೋಥೆರಪಿ, ನೀಟ್ ಬರೀಬೇಕು. ಕೃತಕ ಅಂಗ ತಾನೇ ಅಳತೆ ತೆಗೆದು ಮಾಡಿ ತೊಡಿಸೋ ಆಸೆ ಇದ್ರೆ ಪ್ರಾಸ್ಥೆಟಿಕ್ಸ್ ಆರ್ಥೋಟಿಕ್ಸ್ ಅಂತ ಬೇರೇನೇ ಕೋರ್ಸು. ಹಾಜಿ ಅಲಿ ಹತ್ರ 1955ರಿಂದ ಇರೋ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆ ಇದೆಯಲ್ಲ, ಆಲ್ ಇಂಡಿಯಾ ಇನ್ಸ್‌ಟಿಟ್ಯೂಟ್ ಆಫ್ ಫಿಸಿಕಲ್ ಮೆಡಿಸಿನ್, ಅಲ್ಲಿ ಇದೆಲ್ಲ ಕಣ್ಣಾರೆ ನೋಡೋಕೆ ಸಿಗತ್ತೆ. ಇಂಜಿನಿಯರಿಂಗು, ಫಿಸಿಯೋಥೆರಪಿ, ಪ್ರಾಸ್ಥೆಟಿಕ್ಸು, ಈ ಮೂರರಲ್ಲಿ ಯಾವುದು ಅಂತ ಅವಳು ಮೊದ್ಲು ತೀರ್ಮಾನ ಮಾಡ್ಲಿ, ಹೆಸರು ಚೆನ್ನಾಗಿದೆ ಅಂತ ಕೋರ್ಸು ತಗೊಳ್ಳೋದು ಬೇಡ.

ಡಾನ್ಸಿಗೂ ಇದಕ್ಕೂ ಏನ್ ಸಂಬಂಧ ಅಂತ ನಿಮ್ಮ ಯಜಮಾನರು ಕೇಳಿದ್ರೆ ಸುಧಾ ಚಂದ್ರನ್ ಅವರ ವಿಷಯ ಹೇಳಿ, ಈ ಮುಂಬಯಿಯಲ್ಲೇ ಬೆಳೆದ ಭರತನಾಟ್ಯದ ಕಲಾವಿದೆ. 1981ರಲ್ಲಿ ತಮಿಳುನಾಡಲ್ಲಿ ಬಸ್ ಅಪಘಾತ ಆಗಿ ಕಾಲು ಕತ್ತರಿಸಬೇಕಾಯ್ತು, 1984ರಲ್ಲಿ ಜೈಪುರ ಕಾಲು ಹಾಕ್ಕೊಂಡು ವೇದಿಕೆಗೆ ವಾಪಸ್ ಬಂದ್ರು. ಆ ಥರದ ಕಾಲನ್ನ ಮೊದ್ಲು ಮಾಡಿದ್ದು ರಾಮಚಂದ್ರ ಶರ್ಮಾ ಅನ್ನೋ ಕುಶಲಕರ್ಮಿ ಮತ್ತೆ ಡಾಕ್ಟರ್ ಪಿ.ಕೆ. ಸೇಥಿ, 1960ರ ದಶಕದ ಕೊನೆಯಲ್ಲಿ. ಅಲ್ಲಿವರೆಗೂ ಸಿಗ್ತಿದ್ದ ವಿದೇಶಿ ಮಾದರಿಯ ಪಾದ ಶೂ ಒಳಗೇ ಇರ್ಬೇಕು, ಒಳಗೆ ಮರದ ಗಟ್ಟಿ ತುಂಡು, ಚಕ್ಕಳಮಕ್ಕಳ ಹಾಕಿ ಕೂರೋಕಾಗಲ್ಲ, ಕುಕ್ಕರಗಾಲಲ್ಲಿ ಕೂರೋಕಾಗಲ್ಲ, ಗದ್ದೆಗೆ ಇಳಿಯೋಕಾಗಲ್ಲ. ಇವರು ರಬ್ಬರಿನ ಪಾದ ಮಾಡಿದ್ರು, ಎಲ್ಲಾ ಕಡೆಗೂ ಬಾಗೋದು, ಬರಿಗಾಲಲ್ಲೇ ನಡೆಯೋದು. ಬರಿಗಾಲು, ಮಂಡಿ ಮಡಿಚೋದು, ನೆಲಕ್ಕೆ ಅಂಗಾಲು ಪೂರ್ತಿ ಊರೋದು, ಇದೇ ಅಲ್ವಾ ನಮ್ಮ ನಾಟ್ಯನೂ. ನಾನು ಕೃತಕ ಕಾಲಿನವರ ನಡಿಗೆ ನೋಡ್ವಾಗ ಮೊದ್ಲು ಕೇಳಿಸ್ಕೊಳ್ಳೋದು ಹೆಜ್ಜೆಯ ಸದ್ದು. ಎಡ ಬಲ ಲಯ ತಪ್ಪಿದ್ರೆ ಸ್ಕ್ರೀನು ನೋಡೋಕೆ ಮೊದ್ಲೇ ಕಿವಿಗೆ ಗೊತ್ತಾಗತ್ತೆ, ಸಾಕೆಟ್ (ಉಳಿದ ಕಾಲು ಕೂರೋ ಬಟ್ಟಲು) ಎಲ್ಲೋ ಚುಚ್ತಿದೆ ಅಥವಾ ಉದ್ದ ಹೆಚ್ಚುಕಮ್ಮಿ ಆಗಿದೆ ಅಂತ. ಪಾದಕ್ಕೆ ಸ್ಪರ್ಶನೇ ಇಲ್ಲದವರು ನೆಲ ಮುಟ್ಟಿದ್ದನ್ನ ಸಾಕೆಟ್ಟಿನ ಒತ್ತಡದಲ್ಲಿ ಹುಡುಕ್ಬೇಕು, ಅವರಿಗೆ "ತೈಯ ತೈ" ಅಂತ ಬಾಯಲ್ಲಿ ಹೇಳ್ತಾ ನಡೀರಿ ಅಂತೀನಿ, ಎಷ್ಟೋ ಜನಕ್ಕೆ ಅದು ಹಿಡಿಸತ್ತೆ. ಜುಹೂನಲ್ಲಿ ನಾಲಂದಾ ನೃತ್ಯ ಸಂಸ್ಥೆ ಕಟ್ಟಿದ ಕನಕ್ ರೇಳೆ ಅವರು ಕಾನೂನು ಓದಿದವರು, ಕೇರಳದ ಮೋಹಿನಿಯಾಟ್ಟಂ ನೃತ್ಯದಲ್ಲಿ ಮೈ ಹೇಗೆ ಚಲಿಸತ್ತೆ ಅನ್ನೋದನ್ನ ಗುರುತುಹಾಕಿ ಬರೆದಿಡೋ ಪದ್ಧತಿಯನ್ನೇ ಮಾಡಿದ್ರು. ಎರಡು ಕಡೆ ಕಲಿತವರಿಗೆ ಕಾಣೋದು ಒಂದೇ ಕಡೆ ಇದ್ದವರಿಗೆ ಕಾಣಲ್ಲ, ಈ ಮಾತನ್ನ ನಾನು ಅನುಭವದಿಂದಲೇ ಹೇಳ್ತಿದ್ದೀನಿ.

ಡಾಕ್ಟರ ಹತ್ರ ಹೋಗೋ ಮುಂಚೆ ಒಂದು ನೋಟ್‌ಬುಕ್ಕಲ್ಲಿ ಬರೆಸಿ: ಯಾವತ್ತು ಎಷ್ಟು ಹೊತ್ತು ಪ್ರಾಕ್ಟೀಸು ಮಾಡಿದ್ದಳು, ನೋವು ಶುರು ಆಗಿದ್ದು ಪ್ರಾಕ್ಟೀಸಿನ ಮೊದಲಲ್ಲಾ ಕೊನೆಯಲ್ಲಾ, ಮಾರನೇ ದಿನ ಬೆಳಿಗ್ಗೆ ಇತ್ತಾ. ಇದಿದ್ರೆ ಡಾಕ್ಟರಿಗೆ ಅರ್ಧ ಕೆಲಸ ಮುಗೀತು.

ನೆಲಕ್ಕೆ ಯೋಗ ಮ್ಯಾಟ್ ಹಾಕ್ಬೇಡಿ, ಅದು ಪಾದ ಹಿಡ್ಕೊಳ್ಳತ್ತೆ, ತಿರುಗೋವಾಗ ಮಂಡಿಗೆ ತಿರುಪು ಬೀಳತ್ತೆ. ಜಿಮ್ಮಿಗೆ ಹಾಕೋ ಒಂದಕ್ಕೊಂದು ಕೂಡೋ ಗಟ್ಟಿ ಫೋಮ್ ತುಂಡುಗಳನ್ನ ಕೆಳಗೆ ಹಾಸಿ, ಮೇಲೆ 12 ಎಂಎಂ ಪ್ಲೈವುಡ್ಡು ಎರಡು ಪದರ, ಮೇಲಿನ ಪದರದ ಸಂದು ಕೆಳಗಿನ ಸಂದಿನ ಮೇಲೆ ಬರದ ಹಾಗೆ, ಅಂಚಿಗೆ ಟೇಪು. 8 ಅಡಿಗೆ 8 ಅಡಿ ಜಾಗ ಸಾಕು, ಅದಕ್ಕೆ 8 ಅಡಿಗೆ 4 ಅಡಿಯ ನಾಲ್ಕು ಶೀಟು. ಕೆಳಗಿನ ಮನೆಯವರಿಗೂ ಸದ್ದು ಕಡಿಮೆಯಾಗತ್ತೆ. ಇಷ್ಟು ದೊಡ್ಡ ಶೀಟು ಸೊಸೈಟಿ ಲಿಫ್ಟಲ್ಲಿ ಹಿಡಿಯಲ್ಲ, ಅಂಗಡಿಯಲ್ಲೇ 4 ಅಡಿಗೆ 4 ಅಡಿ ಕೊಯ್ಸಿ ತನ್ನಿ, ಮೇಲಿನ ಪದರದ ನಾಲ್ಕು ತುಂಡಲ್ಲಿ ಎರಡನ್ನ ಅರ್ಧರ್ಧ, ಒಂದನ್ನ ನಾಲ್ಕು ಚೌಕವಾಗಿ ಕೊಯ್ಸಿ, ಇಡೀ ತುಂಡು ನಡುವೆ, ಅರ್ಧದವು ಬದಿಗೆ, ಚೌಕಗಳು ಮೂಲೆಗೆ ಇಟ್ರೆ ಸಂದು ಸಂದಿನ ಮೇಲೆ ಬರಲ್ಲ, ಆಗ ಕುಣಿದಾದ್ಮೇಲೆ ಎತ್ತಿ ಮಂಚದ ಕೆಳಗೂ ಇಡಬಹುದು.